ಸೂರ್ಯನಿಗೆ ಬೆನ್ನು ಕೊಟ್ಟು ನಿಂತ ಅಣ್ಣ

ಹದಿನೆಂಟು ವರ್ಷ ದಿನವೂ ಸೂರ್ಯನನ್ನು ನೋಡಿ ಬರೆದ ನಮ್ಮಣ್ಣ ಒಂದು ದಿನವಾದರೂ ಅದರ ಕಡೆ ಮುಖ ಮಾಡಿ ನಿಂತದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಹಾಲು ಡೈರಿಗೆ ಹೋದ ಮೇಲೆ ಅವನು ಮಾಳಿಗೆ ಹತ್ತುತ್ತಿದ್ದ. ಹಿತ್ತಾಳೆಯ ದುರ್ಬೀನನ್ನು ಸೂರ್ಯನತ್ತ ತಿರುಗಿಸಿ, ತಾನು ಬೆನ್ನು ಕೊಟ್ಟು ನಿಂತು, ದುರ್ಬೀನಿನ ಹಿಂದೆ ಕಟ್ಟಿದ ಹಲಗೆಯ ಮೇಲೆ ಬಾಗುತ್ತಿದ್ದ. ಹಲಗೆಗೆ ಒಂದು ಬಿಳಿ ಹಾಳೆ ಚುಚ್ಚಿರುತ್ತಿತ್ತು. ಆ ಹಾಳೆಯ ಮೇಲೆ ಸಣ್ಣ ತಟ್ಟೆಯಷ್ಟು ಸೂರ್ಯ ಬಂದು ಬೀಳುತ್ತಿತ್ತು. ಅವನು ನೋಡುತ್ತಿದ್ದದ್ದು ಅದನ್ನು.

ಡೈರಿಯಿಂದ ಕ್ಯಾನು ಹಿಡಿದು ಬರುವ ಪಕ್ಕದ ಮನೆಯ ಅಜ್ಜಿ ದಿನಾ ಕೆಳಗಿನಿಂದ ಅನ್ನುತ್ತಿದ್ದಳು, “ಊರೋರೆಲ್ಲ ಸೂರ್ಯಪ್ಪಂಗೆ ಕೈ ಮುಗೀತಾರೆ. ನಿಮ್ಮಣ್ಣ ಒಬ್ನೇ ನೋಡಮ್ಮ, ಬೆನ್ನು ತೋರಿಸ್ತಾನೆ.”

ಅಣ್ಣ ತಲೆ ಎತ್ತದೆ ಹೇಳುತ್ತಿದ್ದ, “ಮಖ ತೋರ್ಸಿದ್ರೆ ಕಣ್ಣು ಓಗ್ತದೆ ಕಣಜ್ಜಿ. ಆಮೇಲೆ ನಿನ್ನ ಕನ್ನಡಕ ಯಾರು ರಿಪೇರಿ ಮಾಡ್ತಾರೆ?”

ಅವನು ರಾಬರ್ಟ್‌ಸನ್‌ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸದಲ್ಲಿದ್ದ. ಬಂಗಾರಪೇಟೆಯ ಹತ್ತಿರ ನಮ್ಮ ಊರು. ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಹೋಗಿ, ರೈಲು ಹಿಡಿದು, ಉರಿಗಾಂನಲ್ಲಿ ಇಳಿದು, ಅಲ್ಲಿಂದ ನಡೆದು ಅಂಗಡಿ ಸೇರುತ್ತಿದ್ದ. ಚೌಕಟ್ಟಿಗೆ ಸರಿಯಾಗಿ ಗಾಜಿನ ಅಂಚು ತಿಕ್ಕುವುದು ಅವನ ಕೆಲಸ. ಸರಿಯಾಯಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳನ್ನು ಅಂಚಿನ ಸುತ್ತ ಸವರುತ್ತಿದ್ದ. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತು. ಅಂಗಡಿಯ ಯಜಮಾನರು ತಮಿಳಿನವರು. ಗಿರಾಕಿಗಳ ಮುಂದೆ “ಇವನ್ ಕೈ ತೊಟ್ಟಾ ಕಣ್ಣಾಡಿ ಒಡೆಯಾದು” ಎನ್ನುತ್ತಿದ್ದರಂತೆ, ಇವನ ಕೈ ಮುಟ್ಟಿದರೆ ಗಾಜು ಒಡೆಯುವುದಿಲ್ಲ ಎಂದು. ಆ ಸವರುವ ಅಭ್ಯಾಸ ಮನೆಗೂ ಬಂದಿತ್ತು. ತಟ್ಟೆಯ ಅಂಚು, ಲೋಟದ ಅಂಚು, ಹೊಸ ಕುಡುಗೋಲಿನ ಅಂಚು, ಎಲ್ಲದರ ಮೇಲೂ ಅವನ ಹೆಬ್ಬೆರಳು ಒಂದು ಸಲ ಓಡಾಡಿ ಬರುತ್ತಿತ್ತು.

ರೈಲಿನಲ್ಲಿ ಅವನ ಜೊತೆ ಓಡಾಡುವವರಿಗೆಲ್ಲ ಅವನ ಈ ಹುಚ್ಚು ಗೊತ್ತಿತ್ತು. ನಮ್ಮ ಊರಿನವನೇ ಒಬ್ಬ, ಅಣ್ಣನ ಓರಗೆಯವನು, ಇವನು ರೈಲು ಹತ್ತಿದ ಕೂಡಲೇ ಕೇಳುತ್ತಿದ್ದ, “ಏನ್ಲಾ, ಇವತ್ತು ಸೂರ್ಯಂಗೆ ಎಷ್ಟು ಮೊಡವೆ?”

“ನಿನ್ ಮಖಕ್ಕಿಂತ ಕಮ್ಮಿ ಕಣ್ಲಾ,” ಎಂದು ಇವನು.

ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳಿಗೆ ನಮ್ಮ ಮನೆಯಲ್ಲಿ ಮಚ್ಚೆ ಎಂದು ಹೆಸರಾಯಿತು. ಹೆಸರಿಟ್ಟವಳು ನಾನು.

ಕೋಲಾರದ ಚಿನ್ನದ ಗಣಿ ಮುಚ್ಚಿದ ವರ್ಷ ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗಳಿಗೆ ಏನೇನೋ ಬಂದು ಬಿತ್ತು. ಅಲ್ಲಿ ಅವನಿಗೆ ಸಿಕ್ಕಿದ್ದು ನೆಲ ಅಳೆಯುವವರು ಬಳಸುವ ದುರ್ಬೀನು, ಅದರ ಮುಕ್ಕಾಲಿ ಸಮೇತ. ಒಳಗೆ ಗಾಜುಗಳು ಬೂಷ್ಟು ಹಿಡಿದಿದ್ದವು. ಅಂಗಡಿಯಲ್ಲಿ ಊಟದ ಹೊತ್ತಿನಲ್ಲಿ ಕೂತು ಒಂದೊಂದಾಗಿ ಬಿಚ್ಚಿ ತೊಳೆದ. ಅದರಿಂದ ಸೂರ್ಯನನ್ನು ನೋಡುವುದು ಹೇಗೆಂದು ಹೇಳಿಕೊಟ್ಟವರು ಉರಿಗಾಂನ ಒಬ್ಬ ಮೇಷ್ಟ್ರು. ವಿಜ್ಞಾನ ಪಾಠ ಮಾಡಿ ರಿಟೈರಾದವರು, ಕನ್ನಡಕ ಬದಲಿಸಲು ಬಂದು ಪರಿಚಯವಾದವರು. ಬೇರೆ ಬೇರೆ ಊರಿನಲ್ಲಿ ಹೀಗೆ ದಿನಾ ಸೂರ್ಯನನ್ನು ಬರೆಯುವ ನಾಲ್ಕೈದು ಜನ ಅವರಿಗೆ ತಿಂಗಳಿಗೊಮ್ಮೆ ಹಾಳೆ ಕಳಿಸುತ್ತಿದ್ದರು. ಮೇಷ್ಟ್ರು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೊಂದಿಸಿ ನೋಡುತ್ತಿದ್ದರು. ನಮ್ಮಣ್ಣನೂ ಅವರಲ್ಲೊಬ್ಬನಾದ. ಹತ್ತನೇ ಕ್ಲಾಸು ಓದಿದ, ಗಾಜು ತಿಕ್ಕುವ ಮನುಷ್ಯ. ಅವನ ಬದುಕಿನಲ್ಲಿ ಅಷ್ಟು ಹೆಮ್ಮೆಯದು ಇನ್ನೊಂದು ಇರಲಿಲ್ಲ.

ಕ್ರಮ ಹೀಗಿತ್ತು. ಹಾಳೆಯ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಪೆನ್ಸಿಲಿನಿಂದ ಸುತ್ತು ಎಳೆಯುವುದು. ಗಾಳಿಗೆ ಅಲುಗದ ಹಾಗೆ ಹಾಳೆಯನ್ನು ಹಲಗೆಗೆ ನಾಲ್ಕು ಮೂಲೆಯಲ್ಲೂ ಗುಂಡುಪಿನ್ನು ಚುಚ್ಚಿ ನಿಲ್ಲಿಸುವುದು. ಸೂರ್ಯನ ಬಿಂಬವನ್ನು ಆ ಸುತ್ತಿನೊಳಗೆ ಕೂರಿಸುವುದು. ಕಪ್ಪು ಚುಕ್ಕೆ ಕಂಡರೆ ದುರ್ಬೀನನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದು. ಗಾಜಿನ ಮೇಲಿನ ಧೂಳಾದರೆ ಬಿಂಬ ಅಲುಗಿದರೂ ಚುಕ್ಕೆ ಇದ್ದಲ್ಲೇ ಇರುತ್ತದೆ, ನಿಜವಾದ ಕಲೆಯಾದರೆ ಬಿಂಬದ ಜೊತೆಗೇ ಅಲುಗುತ್ತದೆ. ಅದು ಖಾತ್ರಿಯಾದ ಮೇಲೆ ಪೆನ್ಸಿಲಿನಿಂದ ಗುರುತು. ಕೆಳಗೆ ತಾರೀಕು, ಹೊತ್ತು.

ಕಲೆಯ ಗುರುತು ಹಾಕದ ದಿನ ಬರೆಯುವುದಕ್ಕೆ ಮೂರು ಮಾತುಗಳಿದ್ದವು. ನೋಡಿ, ಒಂದೂ ಕಾಣದಿದ್ದರೆ ‘ಇಲ್ಲ’. ಮೋಡ ಮುಚ್ಚಿದ್ದರೆ ‘ಮೋಡ’. ಮಾಳಿಗೆ ಹತ್ತಲು ಆಗದೇ ಹೋದರೆ ‘ನೋಡಿಲ್ಲ’.

“‘ನೋಡಿಲ್ಲ’ ಅಂತ ಎಷ್ಟು ದಿನ ಬರುದ್ರೂ ತಪ್ಪಿಲ್ಲ ಕಣಮ್ಮಯ್ಯ,” ಎನ್ನುತ್ತಿದ್ದ ನನಗೆ. “ನೋಡ್ದೆ ‘ಇಲ್ಲ’ ಅಂತ ಮಾತ್ರ ಬರೀಬಾರ್ದು. ಕಲೆ ಬರ್ಯೋದು ಯಾರ್ ಬೇಕಾದ್ರೂ ಬರೀತಾರೆ. ಮೇಷ್ಟ್ರಿಗೆ ಬೇಕಾಗಿರೋದು ‘ಇಲ್ಲ’ ಅನ್ನೋದ್ನ ನಂಬೋ ಅಂಗೆ ಬರ್ಯೋರು.”

ಈ ನಿಯಮವನ್ನು ಅವನು ಮಾಳಿಗೆಯ ಮೇಲೆ ಬಿಟ್ಟು ಇಳಿಯುತ್ತಿರಲಿಲ್ಲ. ಯಾರಾದರೂ “ಬಸ್ಸು ಓಯ್ತಾ?” ಎಂದು ಕೇಳಿದರೆ “ನಾನು ನೋಡಿಲ್ಲ” ಎನ್ನುತ್ತಿದ್ದ. “ಓಯ್ತೋ ಇಲ್ವೋ ಅಷ್ಟು ಹೇಳ್ಲಾ,” ಎಂದರೆ, “ನೋಡಿಲ್ಲ ಅಂದ್ನಲ್ಲ,” ಎಂದು ಮತ್ತೆ ಅದೇ. ಒಮ್ಮೆ ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೆಣ್ಣು ಕೊಡುವ ಕಡೆಯವರು ಬಂದು, ಹುಡುಗ ಕುಡೀತಾನಾ ಎಂದು ಇವನನ್ನು ಕೇಳಿದರು. “ಕುಡ್ದಿದ್ದು ನಾನು ನೋಡಿಲ್ಲ,” ಎಂದ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು, ಸಂಬಂಧ ಮುರಿಯಿತು. ಹುಡುಗನ ತಾಯಿ ನಮ್ಮ ಬಾಗಿಲಿಗೆ ಬಂದು, “ಕುಡ್ಯಲ್ಲ ಅನ್ನಕ್ಕೆ ನಿಂಗೇನಪ್ಪ ಕಷ್ಟ ಆಗಿತ್ತು? ನಿನ್ ಬಾಯಿಗೆ ಬೀಗ ಹಾಕಿದ್ರಾ?” ಎಂದು ಕೂಗಾಡಿದಳು. ಆ ಹುಡುಗ ನಿಜವಾಗಿಯೂ ಕುಡಿಯುತ್ತಿರಲಿಲ್ಲ. ಅಣ್ಣ ಒಂದು ವಾರ ತಲೆ ತಗ್ಗಿಸಿ ಓಡಾಡಿದ. ಆದರೆ ಮಾತು ಬದಲಿಸಲಿಲ್ಲ.

ಇಂಥವನ ಹಾಳೆಯಲ್ಲಿ ನಾನು ಸುಳ್ಳು ಬರೆದೆ.

ನನ್ನನ್ನು ಆರನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಮನೆಗೆ ಮೊದಲ ಹಸು ಬಂದಿತ್ತು, ಮೇಯಿಸುವವರು ಬೇಕಿತ್ತು. ಅಣ್ಣ ಓದು ಮುಗಿಸಿದ. ಇದು ಅವನು ಮಾಡಿದ ತಪ್ಪಲ್ಲ ಎಂದು ಗೊತ್ತಿದ್ದೂ ನಾನು ಮರೆಯಲಿಲ್ಲ. ಮದುವೆಯಾಗಿ, ಗಂಡ ತೀರಿಕೊಂಡು ತವರಿಗೆ ವಾಪಸ್ಸು ಬಂದಾಗಲೂ ಮರೆತಿರಲಿಲ್ಲ. ಅಣ್ಣ ಮದುವೆ ಮಾಡಿಕೊಳ್ಳಲಿಲ್ಲ. ಅಪ್ಪ ಮೊದಲೇ ಹೋಗಿದ್ದ, ಅಮ್ಮನೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಮೇಲೆ ಅವನು ಹಾಳೆಯ ಮೇಲೆ ಬಾಗಿ ನಿಂತಿರುವುದು ಕಾಣುತ್ತಿತ್ತು. ಓದಿದವರಿಗೆ ಆಡುವುದಕ್ಕೆ ಹೊತ್ತಿರುತ್ತದೆ ಎಂದುಕೊಳ್ಳುತ್ತಿದ್ದೆ.

ಅವನು ಕಾಯುತ್ತಿದ್ದದ್ದು ಒಂದೇ ಒಂದಕ್ಕೆ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ತುಂಬಿ ಬಂದು, ಕಡಿಮೆಯಾಗಿ, ತಿಂಗಳುಗಟ್ಟಲೆ ಸೂರ್ಯ ಬೋಳಾಗಿ, ಮತ್ತೆ ಶುರುವಾಗುತ್ತವಂತೆ. ಒಂದು ದಿನ ಊಟಕ್ಕೆ ಕೂತಾಗ ಅವನು ತಟ್ಟೆಯಲ್ಲಿದ್ದ ಮುದ್ದೆಯ ನಡುವೆ ಬೆರಳಿನಿಂದ ಸುತ್ತ ಗೆರೆ ಎಳೆದು ತೋರಿಸಿದ್ದ.

“ಇದು ಸೂರ್ಯನ ಸೊಂಟ. ಹಳೇ ಸುತ್ತು ಮುಗ್ಯೋ ಹೊತ್ಗೆ ಮಚ್ಚೆ ಎಲ್ಲ ಇಲ್ಲೇ, ಸೊಂಟದತ್ರ ಬತ್ತವೆ. ಹೊಸ ಸುತ್ತಿಂದು ಇಲ್ಲಿ ಬರಲ್ಲ. ಮೇಲೆ ಭುಜದತ್ರ ಬತ್ತದೆ, ಇಲ್ಲಾಂದ್ರೆ ಕೆಳಗೆ ಮೊಣಕಾಲತ್ರ. ಅಲ್ಲೊಂದು ಕಾಣುಸ್ತು ಅಂದ್ರೆ ಹೊಸ ಸುತ್ತು ಬಾಗ್ಲಿಗೆ ಬಂತು ಅಂತ.”

“ಮುದ್ದೆ ಆರೋಗ್ತದೆ, ಉಣ್ಣಣ್ಣ,” ಎಂದೆ ನಾನು.

ಹಿಂದಿನ ಸಲ ಸುತ್ತು ಬದಲಾದಾಗ ಅಮ್ಮ ಹಾಸಿಗೆ ಹಿಡಿದಿದ್ದಳು. ಅಣ್ಣ ಅಂಗಡಿಗೂ ರಜೆ ಹಾಕಿ ಅವಳ ಹತ್ತಿರವೇ ಇದ್ದ. ಮೂರು ತಿಂಗಳ ಹಾಳೆಗಳಲ್ಲಿ ‘ನೋಡಿಲ್ಲ’, ‘ನೋಡಿಲ್ಲ’ ಎಂದು ಬರೆದ. ಮಾಳಿಗೆ ಹತ್ತುವ ಹೊತ್ತಿಗೆ ಹೊಸ ಕಲೆಗಳು ಆಗಲೇ ಬಂದು ಹೋಗಿದ್ದವು. “ಇನ್ನೊಂದ್ಸಲ ಬತ್ತದೆ,” ಎಂದಿದ್ದ. ಆ ಇನ್ನೊಂದು ಸಲ ಬಂದದ್ದು ಕೊರೋನಾಕ್ಕೆ ಮುಂಚಿನ ವರ್ಷ. ಆಗ ಅವನಿಗೆ ಸಕ್ಕರೆ ಕಾಯಿಲೆ ಜೋರಾಗಿತ್ತು. ಅದರ ಮುಂದಿನ ಸಲಕ್ಕೆ ತಾನು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೂರ್ಯ ಬೋಳಾಗಿತ್ತು. ಹಾಳೆಯ ಮೇಲೆ ಹಾಳೆ ‘ಇಲ್ಲ’, ‘ಇಲ್ಲ’. ಇಂಥ ಖಾಲಿ ಹಾಳೆಗಳಿಂದಲೇ ಸುತ್ತು ಯಾವಾಗ ತಿರುಗಿತು ಎಂದು ಮೇಷ್ಟ್ರು ಆಮೇಲೆ ಲೆಕ್ಕ ಕಟ್ಟುತ್ತಾರೆ ಎಂದಿದ್ದ. ಶುರುವಾಗಿದ್ದು ಶುರುವಾದ ದಿನ ಗೊತ್ತಾಗುವುದಿಲ್ಲವಂತೆ, ಎಷ್ಟೋ ತಿಂಗಳಾದ ಮೇಲೆ ಹಿಂದಿರುಗಿ ನೋಡಿದಾಗ ಗೊತ್ತಾಗುತ್ತದಂತೆ.

ಆ ಹೊತ್ತಿನಲ್ಲೇ ಅವನ ಎಡಗಾಲಿನ ಬೆರಳು ಕೊಳೆಯಿತು. ಕೋಲಾರದ ಆಸ್ಪತ್ರೆಗೆ ಸೇರಿಸಿ ಬೆರಳು ತೆಗೆದರು. ಎಂಟು ದಿನ ಅಲ್ಲೇ ಇರಬೇಕಾಯಿತು. ನೋಡಿಕೊಳ್ಳಲು ಚಿಕ್ಕಪ್ಪನ ಮಗ ಹೋದ. ಹೊರಡುವ ಹಿಂದಿನ ದಿನ ಅಣ್ಣ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಕುಂಟುತ್ತಲೇ ಎಲ್ಲ ತೋರಿಸಿಕೊಟ್ಟ. ದುರ್ಬೀನಿನ ನೆರಳು ತೀರಾ ಸಣ್ಣದಾಗುವ ತನಕ ತಿರುಗಿಸಬೇಕು, ಆಗ ಸೂರ್ಯ ಸಿಗುತ್ತದೆ. ನಾನು ತಿರುಗಿಸಿದೆ. ಬಿಂಬ ಹಾಳೆಯ ಮೇಲೆ ಬಂದು ನಿಂತಿತು.

“ನೋಡ್ದಾ, ನನಗಿಂತ ಬೇಗ ಹಿಡ್ದೆ,” ಎಂದ. “ಆಗ್ದೆ ಓದ್ರೆ ‘ನೋಡಿಲ್ಲ’ ಅಂತ ಬರ್ದುಬಿಡು. ಬೇಜಾರಿಲ್ಲ.”

ಮೊದಲ ಎರಡು ದಿನ ನೋಡಿದೆ. ಏನೂ ಇರಲಿಲ್ಲ. ‘ಇಲ್ಲ’ ಎಂದು ಬರೆದೆ.

ಮೂರನೆಯ ದಿನ ಬೆಳಿಗ್ಗೆ ಹಸು ಕರು ಹಾಕಲು ಶುರು ಮಾಡಿತು. ಕರುವಿನ ಒಂದು ಕಾಲು ಒಳಗೆ ಮಡಿಸಿಕೊಂಡಿತ್ತು. ಡಾಕ್ಟರು ಬಂದು ಎಳೆಯುವ ಹೊತ್ತಿಗೆ ಮಧ್ಯಾಹ್ನ. ಮೈಯೆಲ್ಲ ರಕ್ತ, ಲೋಳೆ. ಸ್ನಾನ ಮಾಡಿ ಬಂದು ಕೂತಾಗ ಅಣ್ಣನ ಫೋನು ಬಂತು.

“ಏನಮ್ಮಯ್ಯ, ಐತಾ?”

“ಇಲ್ಲ ಕಣಣ್ಣ. ಬೋಳು.”

ಬಾಯಿಂದ ಅದೇ ಬಂತು. ದಿನಾ ಇಲ್ಲದ್ದು ಇವತ್ತು ಎಲ್ಲಿಂದ ಬರುತ್ತದೆ ಎಂದುಕೊಂಡೆ. ಮುಚ್ಚಳ ಇಟ್ಟು ಸುತ್ತು ಎಳೆದು, ತಾರೀಕು ಹಾಕಿ, ‘ಇಲ್ಲ’ ಎಂದು ಬರೆದು ಹಾಳೆಗಳ ಜೊತೆ ಇಟ್ಟೆ.

ಮೂರನೆಯ ದಿನಕ್ಕೆ ಕಾರಣ ಇತ್ತು. ನಾಲ್ಕನೆಯ ದಿನಕ್ಕೆ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು. ಕರು ಎದ್ದು ಮೊಲೆ ಕುಡಿಯುತ್ತಿತ್ತು. ನಾನು ಮೆಟ್ಟಿಲಿನ ಮೇಲೆ ಕೂತು ಕಾಫಿ ಕುಡಿದೆ, ಮೇಲೆ ಹತ್ತಲಿಲ್ಲ. ಒಂದು ಸುತ್ತು ಎಳೆಯಲು ಎಷ್ಟು ಹೊತ್ತು ಬೇಕು? ಮಾಳಿಗೆ ಹತ್ತಿ, ಹಾಳೆ ಚುಚ್ಚಿ, ನೆರಳು ಹಿಡಿಯುವ ಕಷ್ಟ ಯಾಕೆ? ‘ನೋಡಿಲ್ಲ’ ಎಂದು ಬರೆದಿದ್ದರೆ ಅವನು ಬೈಯುತ್ತಿರಲಿಲ್ಲ. ಆದರೆ ಎರಡೇ ದಿನಕ್ಕೆ ಬಿಟ್ಟಳು ಎಂದು ಮನಸ್ಸಿನಲ್ಲಾದರೂ ಅಂದುಕೊಳ್ಳುತ್ತಾನೆ, ಓದು ಬಿಟ್ಟವಳಿಗೆ ಇಷ್ಟೇ ಎಂದುಕೊಳ್ಳುತ್ತಾನೆ ಎಂದು ನನಗೆ ಅನ್ನಿಸಿತು. ಅವನು ಹಾಗೆ ಅಂದುಕೊಳ್ಳುವವನಲ್ಲ. ಅಂದುಕೊಂಡವಳು ನಾನೇ.

ದಿನಾ ಫೋನು ಬರುತ್ತಿತ್ತು. ದಿನಾ “ಐತಾ?” ದಿನಾ “ಇಲ್ಲ ಕಣಣ್ಣ”. ಐದನೆಯ ದಿನವೋ ಆರನೆಯ ದಿನವೋ ಅವನು ನಕ್ಕು ಹೇಳಿದ, “ಒಳ್ಳೇದಾಯ್ತು ಬಿಡು. ನಾನು ಬರೋಗಂಟ ಕಾಯ್ತಾ ಐತೆ.”

ಒಟ್ಟು ಆರು ಹಾಳೆ.

ಅವನು ಮನೆಗೆ ಬಂದ ಮರುದಿನವೇ ಮಾಳಿಗೆ ಹತ್ತಿದ. ಸೂರ್ಯ ಬೋಳಾಗಿತ್ತು. ತಿಂಗಳ ಕೊನೆಗೆ ಆ ಹಾಳೆಗಳ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದ. ಎರಡು ದಿನ ಬಿಟ್ಟು ಮೇಷ್ಟ್ರೇ ನಮ್ಮ ಮನೆಗೆ ಬಂದರು. ಬಗಲಲ್ಲಿ ಒಂದು ಫೈಲು. ಜಗಲಿಯ ಮೇಲೆ ಬೇರೆಯವರ ಹಾಳೆಗಳನ್ನು ಹರಡಿದರು. ನಾನು ಒಳಗೆ ಕಾಫಿಗೆ ಇಟ್ಟಿದ್ದೆ. ಎಲ್ಲ ಕೇಳಿಸುತ್ತಿತ್ತು.

“ನೋಡಪ್ಪಾ, ಇಲ್ಲಿ. ಭುಜದ ಹತ್ರ. ನಾಲ್ಕು ದಿನ ಇದ್ದು ಹೋಗಿದೆ. ಇದೊಂದರಿಂದಲೇ ಹೊಸ ಸುತ್ತು ಶುರು ಅಂತ ಹೇಳಕ್ಕಾಗಲ್ಲ. ಆದ್ರೆ ನಮ್ಮಲ್ಲಿ ಯಾರಿಗೇ ಆಗ್ಲಿ, ಕಂಡಿದ್ರಲ್ಲಿ ಇದೇ ಮೊದಲ್ನೇದು. ನಿನ್ನ ಹಾಳೇಲಿ ಮಾತ್ರ ‘ಇಲ್ಲ’ ಅಂತಿದೆ.”

“ಧೂಳು ಸಾರ್,” ಎಂದ ಅಣ್ಣ. “ನಿಮ್ ಕಡೆ ಗಣಿ ಮಣ್ಣಿನ ಸೈನೈಡ್ ದಿಬ್ಬದ ಧೂಳು ಎದ್ದು ಗಾಜಿನ ಮೇಲೆ ಕೂತಿರ್ತದೆ. ತಟ್ಟಿ ನೋಡಿದ್ರಾ?”

“ಉರಿಗಾಂ ಧೂಳು ಮೈಸೂರಿನವರ ಗಾಜಿಗೆ ಹೆಂಗೆ ಬಂತಪ್ಪಾ? ಹಾಸನದವರೂ ಅದೇ ಜಾಗದಲ್ಲಿ ಗುರುತು ಹಾಕಿದ್ದಾರೆ.”

“ನನ್ ತಂಗಿ ನೋಡವ್ಳೆ ಸಾರ್. ಅವ್ಳು ನನಗಿಂತ ಬೇಗ ಸೂರ್ಯನ್ನ ಹಿಡೀತಾಳೆ. ಅವ್ಳು ‘ಇಲ್ಲ’ ಅಂತ ಬರ್ದಿದ್ರೆ ಇಲ್ಲ.”

ನಾನು ಕಾಫಿ ಲೋಟಗಳನ್ನು ತಂದಿಟ್ಟೆ. ಮೇಷ್ಟ್ರು ನನ್ನ ಮುಖ ನೋಡಿದರು. ಅಣ್ಣನೂ ನೋಡಿದ. ನಾನು, “ಸಕ್ಕರೆ ಸಾಕಾ ಮೇಷ್ಟ್ರೇ?” ಎಂದು ಕೇಳಿದೆ.

ಮಾತು ಬೆಳೆಯಿತು. ಮೇಷ್ಟ್ರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಅಷ್ಟು ವರ್ಷದಲ್ಲಿ ಅಣ್ಣ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದೆ. ಅಣ್ಣ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಹಾಳೆಗಳಿದ್ದವು.

“ಅಮ್ಮಯ್ಯ, ಗುಂಡುಪಿನ್ನು ಎಲ್ಲಿ ಅವೆ?”

“ಡಬ್ಬೀಲೇ ಅವೆ. ಯಾಕಣ್ಣ?”

“ಏನಿಲ್ಲ.”

ಅಷ್ಟೇ. ಆ ದಿನ ಅವನು ಮಾಳಿಗೆ ಹತ್ತಲಿಲ್ಲ. ಕಾಲಿಗೆ ಬಟ್ಟೆ ಸುತ್ತಿಕೊಂಡು ಬೇಗನೆ ರೈಲಿಗೆ ಹೋದ. ಮೇಷ್ಟ್ರ ಹತ್ತಿರ ಹೋಗಿಬಂದೆ, ಎಲ್ಲ ಸರಿಹೋಯಿತು ಎಂದು ಸಂಜೆ ಹೇಳಿದ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅಲ್ಲಿಂದ ಅವನು ಹಾಳೆ ಬರೆಯುವುದನ್ನು ನಿಲ್ಲಿಸಿದ. ಕೇಳಿದ್ದಕ್ಕೆ, “ಸಾಕು, ಬೇರೆಯವ್ರು ಬರೀತವ್ರೆ,” ಎಂದ. ಸ್ವಲ್ಪ ದಿನಕ್ಕೆ ಹಳೆಯ ಹಾಳೆಗಳ ದೊಡ್ಡ ಕಟ್ಟುಗಳನ್ನು ಉರಿಗಾಂನಿಂದ ತಂದ. ಮನೆಯಲ್ಲಿದ್ದ ಕಟ್ಟುಗಳನ್ನೂ ಸೇರಿಸಿ ಹಂಡೆ ಒಲೆಯ ಪಕ್ಕ ಇಟ್ಟ. ಚಳಿ ಶುರುವಾಗಿತ್ತು.

“ಒಲೆ ಹಚ್ಚಕ್ಕೆ ಇಟ್ಕೋ,” ಎಂದ.

“ಬೇಡ್ವಾ ಅಣ್ಣ ಇವೆಲ್ಲ?”

“ಮೇಷ್ಟ್ರತ್ರ ಇನ್ನೊಂದು ಪ್ರತಿ ಐತೆ.”

ಆ ಚಳಿಗಾಲವೆಲ್ಲ ನಾನು ಆ ಹಾಳೆಗಳಿಂದಲೇ ಒಲೆ ಹಚ್ಚಿದೆ. ಒಂದು ದಿನಕ್ಕೆ ಎರಡು ತಿಂಗಳ ಹಾಳೆ ಬೇಕಾಗುತ್ತಿತ್ತು, ಪೆನ್ಸಿಲಿನ ಸುತ್ತುಗಳು ಕಪ್ಪಾಗಿ ಮುದುರುತ್ತಿದ್ದವು. ಅವನು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ನೀರು ಕಾದರೆ ಮೊದಲು ನನಗೆ ಬಿಡುತ್ತಿದ್ದ.

ಕೊರೋನಾ ಬಂತು, ಹೋಯಿತು. ಅಂಗಡಿಯ ಕೆಲಸವೂ ಹೋಯಿತು. ಸೂರ್ಯನ ಭುಜಗಳ ಮೇಲೆ ಒಂದೊಂದಾಗಿ ಕಲೆಗಳು ಬಂದವು. ಬರೆಯದಿದ್ದರೂ ಅವನು ನೋಡುವುದನ್ನು ಬಿಟ್ಟಿರಲಿಲ್ಲ. ಮಾಳಿಗೆಯಿಂದ ಕೂಗುತ್ತಿದ್ದ, “ಅಮ್ಮಯ್ಯ, ಬಾ, ಐದು ಅವೆ.” ನಾನು ಕೈ ಬಿಡುವಿಲ್ಲ ಎನ್ನುತ್ತಿದ್ದೆ. ಅವನು ಇನ್ನೊಂದು ಸಲ ಕೂಗುತ್ತಿರಲಿಲ್ಲ. ಮತ್ತೆ ಎರಡು ಮೂರು ವರ್ಷಕ್ಕೆ ಸೂರ್ಯನ ತುಂಬ ಕಲೆಗಳಾದವು. ಅದೇ ಹೊತ್ತಿಗೆ ಅವನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಹೋದ ಚಳಿಗಾಲದಲ್ಲಿ ಅವನೂ ಹೋದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮೇಷ್ಟ್ರು ಬಂದರು. ತುಂಬ ಇಳಿದುಹೋಗಿದ್ದರು. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ನನ್ನನ್ನು ಹತ್ತಿರ ಕರೆದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು, “ಈಯಮ್ಮ ಯಾರು ಗೊತ್ತಾ? ಹೊಸ ಸುತ್ತಿನ ಮೊದಲ್ನೇ ಕಲೆ ನಿಮ್ಮ ಊರಲ್ಲಿ ನೋಡ್ದವಳು. ಅವನೇ ಬಂದು ಹೇಳ್ದ ನಂಗೆ. ‘ತಂಗಿ ಫೋನಲ್ಲಿ ಐತೆ ಅಂದ್ಳು ಸಾರ್. ನಾನು ಮೊದಲು ನೋಡ್ಬೇಕು ಅಂತಿದ್ದೆ, ಅವ್ಳು ನೋಡ್ಬಿಟ್ಳಲ್ಲ ಅಂತ ಹೊಟ್ಟೆಕಿಚ್ಚಾಯ್ತು. ಇಲ್ಲ ಅಂತ ಬರಿ ಅಂತ ನಾನೇ ಬರ್ಸಿದೆ’ ಅಂದ. ಇಂಥ ಕೆಲಸ ಮಾಡ್ದವನ ಉಳಿದ ‘ಇಲ್ಲ’ಗಳನ್ನ ಹೆಂಗೆ ನಂಬೋದು? ‘ನನ್ನ ಹಾಳೆ ಎಲ್ಲ ತೆಗ್ದುಬಿಡಿ ಸಾರ್’ ಅಂತ ಅವನೇ ಕೇಳ್ಕೊಂಡ. ತೆಗ್ದೆ, ವಾಪಸ್ ಕೊಟ್ಟೆ. ಅವನ ಮೇಲೆ ನಂಗೆ ಸಿಟ್ಟಿತ್ತಮ್ಮ. ಇವತ್ತು ಇಲ್ಲ.”

ನೆಂಟರು ನನ್ನನ್ನು ನೋಡಿದರು. ಯಾರೋ ಒಬ್ಬರು, “ನಮ್ಮ ಹೆಣ್ಣು ಅಂದ್ರೆ ಸುಮ್ನೆನಾ?” ಎಂದರು. ನಾನು ಬಾಯಿ ತೆರೆಯಬೇಕಿತ್ತು. ಅವನ ಫೋಟೋ ಅಲ್ಲೇ ಗೋಡೆಗೆ ಒರಗಿಸಿ ಇಟ್ಟಿತ್ತು, ಹೂವಿನ ಹಾರ ಹಾಕಿತ್ತು. ನಾನು ಸಾರಿನ ಬಕೆಟ್ಟು ತೆಗೆದುಕೊಂಡು ಮುಂದಿನ ಎಲೆಗೆ ಬಡಿಸಲು ಹೋದೆ.

ಆಮೇಲೆ ಅವನ ಪೆಟ್ಟಿಗೆ ತೆಗೆದೆ. ಬಟ್ಟೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆರು ಹಾಳೆ ಇದ್ದವು. ನನ್ನವು. ಹದಿನೆಂಟು ವರ್ಷದ ಹಾಳೆಗಳಲ್ಲಿ ಅವನು ಒಲೆಗೆ ಕೊಡದೆ ಇಟ್ಟುಕೊಂಡದ್ದು ಅವನ್ನು ಮಾತ್ರ. ಪ್ರತಿಯೊಂದರಲ್ಲೂ ನಾನು ಬರೆದ ‘ಇಲ್ಲ’ವನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಅವನ ಅಕ್ಷರದಲ್ಲಿ ‘ನೋಡಿಲ್ಲ’ ಎಂದು ಬರೆದಿತ್ತು. ಹಾಳೆಗಳನ್ನು ಬೆಳಕಿಗೆ ಹಿಡಿದೆ. ಮೂಲೆಗಳಲ್ಲಿ ಒಂದು ತೂತೂ ಇರಲಿಲ್ಲ. ಹಲಗೆಗೆ ಚುಚ್ಚದ ಹಾಳೆಯಲ್ಲಿ ತೂತು ಎಲ್ಲಿಂದ ಬರಬೇಕು? ಕೊಟ್ಟಿಗೆಯ ಬಾಗಿಲಲ್ಲಿ ಅವನು ಗುಂಡುಪಿನ್ನು ಎಲ್ಲಿವೆ ಎಂದು ಯಾಕೆ ಕೇಳಿದ ಎಂದು ಆಗ ಗೊತ್ತಾಯಿತು. ನಾನಾಗಿಯೇ ಹೇಳಲಿ ಎಂದು ಒಂದು ಬಾಗಿಲು ತೆರೆದು ನಿಂತಿದ್ದ. ನಾನು ಡಬ್ಬಿ ತೋರಿಸಿದೆ.

ಮೂರು ತಿಂಗಳು ಹಿಂದುಮುಂದು ನೋಡಿ, ಕೊನೆಗೆ ಆರು ಹಾಳೆ ಎತ್ತಿಕೊಂಡು ಉರಿಗಾಂಗೆ ಹೋದೆ. ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಹಾಗಾದ್ರೆ ಅವನು ಬರೆದ ‘ಇಲ್ಲ’ ಎಲ್ಲಾ ನಿಜ,” ಎಂದರು. “ಎಲ್ಲಾ ಮತ್ತೆ ಸೇರಿಸ್ಬೇಕು. ಇವತ್ತೇ ಕೂತ್ಕೋತೀನಿ. ಎಲ್ಲಮ್ಮ ಆ ಕಟ್ಟುಗಳು? ತಂದಿದ್ದೀಯಾ?”

“ನಿಮ್ಮತ್ರ ಇನ್ನೊಂದು ಪ್ರತಿ ಐತೆ ಅಂದಿದ್ದ ಮೇಷ್ಟ್ರೇ.”

“ನನ್ನ ಹತ್ರ ಎಲ್ಲಿದೆ? ಎಲ್ಲಾ ಅವನಿಗೇ ವಾಪಸ್ ಕೊಟ್ಟೆ ಅಂದ್ನಲ್ಲ. ಫೋಟೋ ಇದ್ದ ಫೋನೂ ಕೆಟ್ಟುಹೋಯ್ತು.”

ನಾನು ಹೇಳಿದೆ, “ಒಲೆಗೆ ಹಾಕ್ದೆ. ನಾನೇ ಹಾಕ್ದೆ.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಒಳಗೆ ಹೋಗಿ ಮಲಗಿಬಿಟ್ಟರು. ನಾನು ಸ್ಟೇಷನ್ನಿಗೆ ನಡೆದು ಬಂದೆ.

ಅವನು ನೋಡಿದ್ದಕ್ಕೆ ಈಗ ಯಾವ ಗುರುತೂ ಉಳಿದಿಲ್ಲ. ಉಳಿದಿರುವುದು ನಾನು ನೋಡದ ಆರು ದಿನ. ಯಾರಾದರೂ ನಂಬಲಿ, ಬಿಡಲಿ, ಆ ಆರು ಹಾಳೆ ನನ್ನವು. ಅವನು ಯಾವತ್ತೂ ನೋಡದೆ ‘ಇಲ್ಲ’ ಎಂದು ಬರೆದವನಲ್ಲ. ಅವನು ಆಡಿದ ಸುಳ್ಳೆಲ್ಲ ನನ್ನ ಸುಳ್ಳನ್ನು ಮುಚ್ಚಲು ಆಡಿದ್ದು.

ಒಂದು ದಿನದ ವಿಷಯ ಹೇಳದೆ ಬಿಟ್ಟಿದ್ದೆ.

ಕಾಲು ತೆಗೆದ ಮೇಲೆ ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹೋಗುವುದಕ್ಕೆ ಹತ್ತು ಹದಿನೈದು ದಿನ ಮುಂಚೆ, ಬೆಳಿಗ್ಗೆ, ಮಂಚದ ಮೇಲೆ ಒರಗಿಕೊಂಡು ಹೇಳಿದ, “ಅಮ್ಮಯ್ಯ, ಒಂದ್ಸಲ ಓಗಿ ನೋಡ್ಕೊಂಡು ಬತ್ತೀಯಾ? ಏನೈತೋ ಬರ್ಕೊಂಡು ಬಾ.”

ನಾನು ಹೋದೆ. ಅಷ್ಟು ವರ್ಷವಾದ ಮೇಲೆ ಮೊದಲ ಸಲ. ದುರ್ಬೀನಿನ ಬಟ್ಟೆ ತೆಗೆದು, ಮುಚ್ಚಳ ಇಟ್ಟು ಸುತ್ತು ಎಳೆದು, ಪಿನ್ನು ಚುಚ್ಚಿ, ನೆರಳು ಹಿಡಿದೆ. ಹಾಳೆಯ ಮೇಲೆ ಸೂರ್ಯ ಬಂತು. ತಟ್ಟಿ ನೋಡಿದೆ. ಒಂಬತ್ತು ಕಲೆ. ಒಂದೊಂದನ್ನೂ ಇದ್ದಲ್ಲೇ ಗುರುತು ಹಾಕಿ, ಕೆಳಗೆ ತಂದು ಅವನ ಕೈಗೆ ಕೊಟ್ಟೆ.

“ಒಂಬತ್ತು ಅವೆ ಕಣಣ್ಣ.”

“ನೋಡ್ದಾ?”

“ನೋಡ್ದೆ.”

ಅವನು ಚಿತ್ರ ನೋಡಲಿಲ್ಲ. ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಇನ್ನೊಂದು ಮೂಲೆ. ಗಾಜಿನ ಅಂಚು ಸವರಿದ ಅಭ್ಯಾಸ ಇನ್ನೂ ಬಿಟ್ಟಿಲ್ಲ ಎಂದುಕೊಂಡೆ ನಾನು. ನಾಲ್ಕನ್ನೂ ಸವರಿದ. ಆಮೇಲೆ, “ನನ್ ಕನ್ನಡಕ ಕೊಡು,” ಎಂದ.